ಐದನೇ ಸಲದ ನೀರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10

ಕುಲುಮೆ ಹಾಕಿದೆ. ಶನಿವಾರ ತೊಳೆದು ಒಣಗಲಿಟ್ಟ ಪುಡಿ ಒಳಗಿದೆ. ಐನೂರೈವತ್ತು ಡಿಗ್ರಿ ಮುಟ್ಟುವವರೆಗೆ ಕೈಗೆ ಕೆಲಸವಿಲ್ಲ. ಹಾಗಾಗಿ ಈ ಡೈರಿ.

ನಿನ್ನೆ ಭಾವಮೈದ ಊಟಕ್ಕೆ ಬಂದಿದ್ದ. ಲ್ಯಾಬಿನಲ್ಲಿ ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಿದ. ಹೇಳಿದೆ — ಆಲ್ಕೋಹಾಲಿನ ಬಿಸಿ ಆವಿಯನ್ನು ಅಲ್ಯೂಮಿನಾ ಎಂಬ ಬಿಳಿ ಪುಡಿಯ ಮೇಲೆ ಹಾಯಿಸುತ್ತೇವೆ. ಎರಡೆರಡು ಕಣ ಜೋಡಿಯಾಗಿ ಈಥರ್ ಆಗುತ್ತದೆ, ನಡುವಿನಿಂದ ನೀರು ಹೊರಬೀಳುತ್ತದೆ. ಪುಡಿ ಮಾತ್ರ ಇದ್ದ ಹಾಗೇ ಇರುತ್ತದೆ. ಅದೇ ಕ್ಯಾಟಲಿಸ್ಟ್. ಮದುವೆ ದಲ್ಲಾಳಿ ಅನ್ನಿ, ಎಂದ. ಹೆಂಡತಿ ನಕ್ಕಿದ್ದೇ ನಕ್ಕಿದ್ದು. ಇಪ್ಪತ್ತಾರು ವರ್ಷದ ಈ ಕೆಲಸದಲ್ಲಿ ನಾನು ಒಮ್ಮೆಯೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಮಾರ್ಚ್ 6

ನೂರಕ್ಕೆ ಎಂಬತ್ತಮೂರು ಈಥರ್. ಇದುವರೆಗೆ ಅರವತ್ತು ದಾಟಿದ್ದಿಲ್ಲ. ನಮ್ಮ ಪುಡಿಯ ರೋಗವೇ ಅತಿ ಚುರುಕು... ಈಥರಿಗೆ ನಿಲ್ಲದೆ ಮುಂದೆ ಹೋಗಿ ಎಥಿಲೀನ್ ಗ್ಯಾಸ್ ಮಾಡಿಬಿಡುತ್ತದೆ. ಈ ಸಲ ಬುದ್ಧಿ ಬಂದವರಂತೆ ನಿಂತಿದೆ.

ಲ್ಯಾಬಿನ ಮುಖ್ಯಸ್ಥೆ, ಮೇಡಂ, ಅಳೆದು ತೂಗಿ ಮಾತಾಡುವವರು. ಗ್ರಾಫ್ ನೋಡಿ, ಸಂಶೋಧನೆಯ ಪೇಪರಿನಲ್ಲಿ ಈ ಸಲ ನಿಮ್ಮ ಹೆಸರೂ ಇರುತ್ತದೆ ಎಂದರು. ಟೆಕ್ನಿಷಿಯನ್ ಹೆಸರು. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ನಡೆದೇ ಹೋದೆ, ಬಸ್ಸು ನೆನಪಾಗಲಿಲ್ಲ.

ಮಾರ್ಚ್ 11

ಲ್ಯಾಬ್ ಪುಸ್ತಕದಲ್ಲಿ ನಾನು ಬರೆದಿರುವಂತೆಯೇ ಇನ್ನೊಂದು ಬ್ಯಾಚ್. ಐವತ್ತೆಂಟು. ಕುಲುಮೆ ಸರಿಯಿದೆ. ಆಲ್ಕೋಹಾಲ್ ಅದೇ ಡಬ್ಬದ್ದು. ಮೇಡಂ ಗ್ರಾಫ್ ಮಡಚಿ ಫೈಲಿಗೆ ಸೇರಿಸಿದರು. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 17, ಸೋಮವಾರ

ಮತ್ತೊಂದು ಬ್ಯಾಚ್. ಅರವತ್ತು.

ಸಂಜೆ ಪಾತ್ರೆ ತೊಳೆಯುವಾಗ ನೆನಪಾಯಿತು. ಎಂಬತ್ತಮೂರು ಕೊಟ್ಟ ಪುಡಿ ತೊಳೆದ ಆ ಶನಿವಾರ ಡಿಸ್ಟಿಲ್ಡ್ ವಾಟರ್ ಮೆಷಿನ್ ರಿಪೇರಿಗೆಂದು ಬಿಚ್ಚಿಟ್ಟಿದ್ದರು. ಕ್ಯಾನಿನಲ್ಲಿದ್ದದ್ದು ನಾಲ್ಕು ಸಲ ತೊಳೆಯಲು ಮಾತ್ರ ಸಾಕಾಯಿತು. ಐದನೇ ಸಲಕ್ಕೆ... ನಲ್ಲಿ ತಿರುಗಿಸಿದೆ. ನಲ್ಲಿ ನೀರಿನ ಉಪ್ಪು ಪುಡಿಗೆ ಹಿಡಿದಿದೆ, ಚುರುಕು ತಗ್ಗಿದೆ. ಬೇರೆ ಕಾರಣ ತೋಚುವುದಿಲ್ಲ.

ಪುಸ್ತಕದಲ್ಲೇನಿದೆ? "ಡಿಸ್ಟಿಲ್ಡ್ ವಾಟರ್, ಐದು ಸಲ." ದಿನದ ಪುಟವನ್ನು ಬೆಳಿಗ್ಗೆಯೇ ಬರೆದಿಟ್ಟು ಆಮೇಲೆ ಕೆಲಸ ಶುರುಮಾಡುವುದು ನನ್ನ ಅಭ್ಯಾಸ. ಒದ್ದೆ ಕೈಯಲ್ಲಿ ಬರೆದರೆ ಶಾಯಿ ಹರಡುತ್ತದೆ ಅಂತ. ಅವತ್ತು ತಿದ್ದಲಿಲ್ಲ. ಮರೆತೆ ಅಂತಲೂ ಹೇಳಲಾರೆ. ಸೋಮಾರಿತನ.

ಹೇಳಿದರೆ ಪೇಪರಿನಿಂದ ಹೆಸರು ಹೋಗುತ್ತದೆ. ಹೆಸರಿಗಿಂತ ಮುಖ್ಯ, ನನ್ನ ಪುಸ್ತಕದ ಮೇಲಿನ ನಂಬಿಕೆಯೂ ಹೋಗುತ್ತದೆ. ಇವಳಿಗೆ ಎಲ್ಲ ಹೇಳಿದೆ. ಬಟ್ಟೆ ಮಡಚುತ್ತಾ ಕೇಳಿದಳು. "ನೀವು ನಾಳೆ ಹೇಳದಿದ್ರೆ ಇಡೀ ವರ್ಷ ಮುಖ ಸಣ್ಣ ಮಾಡ್ಕೊಂಡಿರ್ತೀರಿ. ಅದನ್ನ ನೋಡೋಳು ನಾನು ತಾನೆ?"

ಮಾರ್ಚ್ 18. ಮಧ್ಯಾಹ್ನ

ಹೇಳಿದೆ. ನಿಂತುಕೊಂಡೇ.

ಮೇಡಂ ಆ ಪುಟ ತೆರೆದು ಸಾಲಿನ ಮೇಲೆ ಬೆರಳಿಟ್ಟರು. "ಇಪ್ಪತ್ತಾರು ವರ್ಷದ ಪುಟಗಳೆಲ್ಲ ಹೀಗೇನಾ?"

"ಬರೆಯೋದು ಮೊದಲೇ, ಮೇಡಂ. ಆದ್ರೆ ಬರೆದಿದ್ದನ್ನೇ ಮಾಡಿದ್ದೀನಿ. ಅವತ್ತು ಒಂದೇ ದಿನ ತಪ್ಪಿದ್ದು."

ನಂಬಿದರೋ ಇಲ್ಲವೋ. ಆ ಸಾಲಿಗೆ ಒಂದು ಗೆರೆ ಎಳೆಸಿದರು, ಪಕ್ಕದಲ್ಲಿ ನಿಜ ಬರೆಸಿದರು, ಇವತ್ತಿನ ತಾರೀಖು ಹಾಕಿಸಿ ಸಹಿ ಮಾಡಿಸಿದರು. ಹೆಸರಿನ ಮಾತು ಆಮೇಲೆ ನೋಡೋಣ ಎಂದರು. ಮೊದಲು ಐದನೇ ಸಲ ನಲ್ಲಿ ನೀರಿನಲ್ಲೇ ತೊಳೆದು ಇನ್ನೊಂದು ಬ್ಯಾಚ್ ಮಾಡಿ, ಅಂದರು.

ನಾಚಿಕೆಯಾಯಿತು. ಆದರೂ ಊಟ ಸೇರಿತು. ವಾರದಿಂದ ಸೇರಿರಲಿಲ್ಲ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 3.20

ನಾಲ್ಕು ಸಲ ಡಿಸ್ಟಿಲ್ಡ್, ಐದನೆಯದು ನಲ್ಲಿ. ಮೊನ್ನೆ ತೊಳೆಯುವಾಗ ಮೇಡಂ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಕಾವಲಿಗೆ ಇರಬೇಕು ಅಂದುಕೊಂಡೆ. ಅಲ್ಲ. ಎಷ್ಟು ನೀರು, ಎಷ್ಟು ನಿಮಿಷ ಎಂದು ತಾವೇ ಬರೆದುಕೊಂಡರು.

ಇವತ್ತು ಬೆಳಿಗ್ಗೆ ಆವಿ ಬಿಟ್ಟೆವು. ಮೊದಲ ಸ್ಯಾಂಪಲ್ ಎಪ್ಪತ್ತೊಂಬತ್ತು. ಎರಡನೆಯದು ಎಂಬತ್ತೆರಡು. ಇವಳಿಗೆ ಫೋನ್ ಮಾಡಿದೆ, ಗೊತ್ತಿತ್ತು ಬಿಡಿ ಅಂದಳು.

ಈಗಷ್ಟೇ ಮೇಡಂ ಬಾಗಿಲಲ್ಲಿ ತಲೆ ಹಾಕಿ, ಪೇಪರಿನಲ್ಲಿ ನಿಮ್ಮ ಹೆಸರು ಹೇಗೆ ಬರೆಯಲಿ ಎಂದು ಕೇಳಿದರು. ಯಾರೂ ಕೇಳಿದ್ದಿಲ್ಲ ಇದನ್ನು. ನನ್ನ ಹೆಸರಿನ ಮುಂದೆ ಬರೀ ಇನಿಷಿಯಲ್ ಸಾಕು ಅಂದೆ, ಸಂಕೋಚಕ್ಕೆ. ಅವರು ಹೋದ ಮೇಲೆ ಅನ್ನಿಸುತ್ತಿದೆ... ಆ ಒಂದಕ್ಷರ ಅಪ್ಪನ ಹೆಸರು. ಊರೂರಲ್ಲಿ ಓದುತ್ತಾರಂತೆ. ಇನ್ನೂ ಟೈಪ್ ಮಾಡಿರಲಾರರು. ಓಡಿಹೋಗಿ, ಅಪ್ಪನ ಹೆಸರೂ ಪೂರ್ತಿ ಹಾಕಿ ಅಂತ ಹೇಳಿಬರುತ್ತೇನೆ —