ಸರೋಜಮ್ಮನ ನೀರಿನ ಕಾರ್ಡು

ಮಾರ್ಚ್ 3, 2025. ಸೋಮವಾರ, ಬೆಳಿಗ್ಗೆ 8
ನೀರಿನ ಘಟಕದ ಮುಂದೆ ಎಂದಿನಂತೆ ಕ್ಯಾನುಗಳ ಸಾಲು. ಹೊಸ ಕಾರ್ಡ್ ಮಿಷನ್ ಶಾಕ್ ಹೊಡೆಯುತ್ತಿದೆ ಎಂದು ಕೂಗಿಬಿಟ್ಟೆ. ಸಾಲು ಚೆಲ್ಲಾಪಿಲ್ಲಿ. ಶಾಕೂ ಇಲ್ಲ, ಗೀಕೂ ಇಲ್ಲ, ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡೆ. ಬೈಸಿಕೊಂಡೆ.
ಸರೋಜಮ್ಮ ನಗಲಿ ಎಂದು ಮಾಡಿದ್ದು. ಅಂಗನವಾಡಿ ಟೀಚರ್ ಆಗಿದ್ದವಳು, ನಮ್ಮ ಬೀದಿಯವಳು, ಒಂಟಿ. ನಕ್ಕಳು. ಆದರೆ ಚೌಡಯ್ಯನ ಕಡೆ ತಿರುಗಿ.
ಚೌಡಯ್ಯ ಒಂದನೇ ಕ್ಲಾಸಿನಿಂದ ನನ್ನ ಸ್ನೇಹಿತ. ನನಗೆ ಅವಳು ‘ಕದರಪ್ಪಣ್ಣ’ ಅನ್ನುತ್ತಾಳೆ. ಅವನಿಗೆ ‘ಚೌಡಯ್ಯನೋರು’. ಅಣ್ಣ ಇಲ್ಲ.

ಮಾರ್ಚ್ 5
ರಿಪೇರಿಯ ಅಂಜನ್ ಕುಮಾರ್ ಕೊರಟಗೆರೆಯಿಂದ ಬಂದಿದ್ದ. ನನ್ನ ಹಳೇ ದಪ್ಪ ಕಾರ್ಡನ್ನು ಹೊಸ ಮಿಷನ್ ಮೂಸಿಯೂ ನೋಡಲಿಲ್ಲ — ಅದರ ಜಾತಿಯೇ ಬೇರೆಯಂತೆ. ಅವನ ಬ್ಯಾಂಕಿನ ಟ್ಯಾಪ್ ಕಾರ್ಡು, ಕಣ್ಣಿನ ಆಪರೇಷನ್‌ಗೆ ಬೆಂಗಳೂರಿಗೆ ಹೋದಾಗ ನಾನು ಕೊಂಡಿದ್ದ ತೆಳು ಮೆಟ್ರೋ ಕಾರ್ಡು — ಇವನ್ನು ಗುರುತಿಸಿತು, ನಮ್ಮದಲ್ಲ ಎಂದು ಕೆಂಪು ದೀಪ ತೋರಿಸಿತು. ಹೊಸ ತೆಳು ಕಾರ್ಡಿಗೆ ಮಾತ್ರ ಬೀಪ್, ನೀರು. ಸ್ಕೂಲ್ ಮೆಟ್ಟಿಲು ಹತ್ತದ ಮಿಷನ್ನಿಗೆ ರೀಡರ್ ಎಂದು ಹೆಸರು!
"ಎರಡು ತೆಳು ಕಾರ್ಡ್ ಒಟ್ಗೆ ಹಿಡೀಬ್ಯಾಡಿ ತಾತ. ಎರಡೂ ಒಂದೇ ಸಲ ಮಾತಾಡ್ತವೆ. ಮಿಷನ್‌ಗೆ ಯಾವ್ದೂ ಕೇಳ್ಸಲ್ಲ."

ಮಾರ್ಚ್ 6
ಸರೋಜಮ್ಮನಿಗೆ ಮಂಡಿನೋವು. ತನ್ನ ಕಾರ್ಡನ್ನು ಬಟ್ಟೆಯ ಪುಟ್ಟ ಚೀಲದಲ್ಲಿಟ್ಟು ಚೌಡಯ್ಯನಿಗೆ ಕೊಟ್ಟಳು. ದಿನಾ ಅವನೇ ನೀರು ತಂದುಕೊಡಬೇಕಂತೆ. ಅವನ ಮನೆಗೇ ನೀರು ತರುವವಳು ಮಗಳು ಸುನಿತಾ, ಆ ಕಾರ್ಡೂ ಅವಳ ಹತ್ತಿರ. ಚೀಲ ತಾನೇ ಹೊಲಿದದ್ದು. ಅಂಚಿಗೆ ಹಸಿರು ದಾರ ಬೇರೆ.
ನನ್ನ ಹೊಟ್ಟೆಕಿಚ್ಚಿಗೆ ಇಪ್ಪತ್ತು ಲೀಟರ್ ಸಾಲದು.

ಮಾರ್ಚ್ 9
ಎರಡು ದಿನದಿಂದ ಚೌಡಯ್ಯನ ಕೈಯಲ್ಲಿ ಮಿಷನ್ ಮೂಕ. ಚೀಲ ಒತ್ತುತ್ತಾನೆ, ಒರೆಸುತ್ತಾನೆ, ತಿರುಗಿಸುತ್ತಾನೆ... ಹಿಂದಿನವರು ರೇಗುತ್ತಾರೆ. ಸರೋಜಮ್ಮ ಬೋರ್‌ವೆಲ್ ನೀರು ಕುಡಿಯುತ್ತಿದ್ದಾಳೆ. ನಾನು ತರುತ್ತೇನೆ ಎಂದೆ. ಬೇಡ, ಚೌಡಯ್ಯನೋರು ತರ್ತೀನಿ ಅಂದವ್ರೆ ಎಂದಳು.
ಆ ಮಾತು ಉರಿ.

ಮಾರ್ಚ್ 11
ಇವತ್ತು ಕುಂಟುತ್ತಾ ತಾನೇ ಬಂದಳು. ಎಲ್ಲರ ಎದುರು ಚೌಡಯ್ಯನಿಂದ ಚೀಲ ಕಿತ್ತುಕೊಂಡು ನನ್ನ ಕೈಗಿಟ್ಟಳು. ಒಂದು ಕ್ಷಣ ಗೋಡೆಯ ಕಡೆ ತಿರುಗಿ, ಆಮೇಲೆ ಚೀಲ ಇಟ್ಟೆ. ಬೀಪ್. ನೀರು.
"ನೀನೇ ಸರಿ ಕದರಪ್ಪಣ್ಣ," ಅಂದಳು.
ಚೌಡಯ್ಯ ಮಿಷನ್ನನ್ನೇ ನೋಡುತ್ತಾ ನಿಂತಿದ್ದ.
ಗೆದ್ದೆ.

ಮಾರ್ಚ್ 19, ಸಂಜೆ
ಎಂಟು ದಿನ ಚೌಡಯ್ಯ ಘಟಕದ ಕಡೆ ಬಂದಿಲ್ಲ. ಮನೆಗೆ ಹೋದೆ. ಜಗುಲಿಯಲ್ಲಿ ಕೂತು ಮೊಮ್ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದ. ಮರೆತಿಲ್ಲ ತಾನೇ ಎಂದು ನೋಡಲು.
"ನಾನಿಟ್ರೆ ಕೂಗಲ್ಲ, ನೀನಿಟ್ರೆ ಕೂಗ್ತದೆ. ಇಡೋದೆಂಗೆ ಅನ್ನೋದೇ ಮರ್ತೋಗದೆ ಕಣ್ಲಾ. ನಮ್ಮಪ್ಪಂಗೂ ಇಂಗೇ ಶುರುವಾಗಿದ್ದು."
ಮಗಳು ಸುನಿತಾ ನಾಳೆ ತುಮಕೂರಿಗೆ ತಲೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆ. ಗೇಲಿ ಮಾಡಲು ಬಾಯಿ ತೆರೆದೆ. ಕಾಫಿ ಕುಡಿದು ಎದ್ದು ಬಂದೆ.

ಮಾರ್ಚ್ 20, ಬೆಳಿಗ್ಗೆ 7.20
ಅವರ ಬಸ್ಸು ಎಂಟಕ್ಕೆ. ಚಪ್ಪಲಿ ಹಾಕಿಕೊಂಡೇ ಕೂತಿದ್ದೇನೆ. ಬಾಯಲ್ಲಿ ಹೇಳುವ ಮುಂಚೆ ಇಲ್ಲಿ ಬರೆದು ನೋಡುತ್ತೇನೆ —
ಚೌಡಯ್ಯನ ತಲೆ ಸರಿಯಾಗಿದೆ. ಅವನು ಕ್ಯಾನು ಎತ್ತುವಾಗ, ಆ ಚೀಲದೊಳಗೆ ನನ್ನ ಮೆಟ್ರೋ ಕಾರ್ಡು ತೂರಿಸಿದವನು ನಾನು, ಗೋಡೆಯ ಕಡೆ ತಿರುಗಿ ತೆಗೆದವನೂ ನಾನೇ. ತಮಾಷೆಗೆ ಅಲ್ಲ.