ಡಾಕ್ಟರಮ್ಮನ ಕೂಸಿನ ಕಿವಿ

ಹೂವಿನಹಡಗಲಿ
ಸೋಮವಾರ, ೧೯-೩-೨೦೦೧

ನನ್ನ ಪುಷ್ಪಿಗೆ ನಿನ್ನ ಅವ್ವ ಕೊಟ್ರಮ್ಮ ಮಾಡುವ ಆಶೀರ್ವಾದಗಳು.

ಇತ್ತ ನಾನೂ ನಿಮ್ಮಪ್ಪನೂ ಕ್ಷೇಮ. ಅತ್ತ ನಿಮ್ಮ ಕ್ಷೇಮದ ಬಗ್ಗೆ ಎಲ್ಲರೂ ಬರೆಯುವ ಆ ಸಾಲು ಬರೆಯಲು ಹೋದೆ, ಪೆನ್ನು ಅಲ್ಲೇ ನಿಂತುಬಿಟ್ಟಿತು. ನನಗೆ ಅನುಮಾನ ಬಂದಿದೆ ಪುಷ್ಪಿ. ನಗಬೇಡ. ಅವ್ವನಿಗೆ ಹಾಲಿನವನ ಮೇಲೂ ಅನುಮಾನ, ಪೋಸ್ಟಿನವನ ಮೇಲೂ ಅನುಮಾನ ಎಂದು ಅಪ್ಪ ಮಗಳು ಸೇರಿ ಆಡಿಕೊಳ್ಳುವುದು ಗೊತ್ತಿದೆ. ಆದರೆ ಹಾಲಿನವನು ನೀರು ಬೆರೆಸಿದ್ದು ನಿಜವೇ ಆಯಿತು, ಅದನ್ನೂ ಮರೆಯಬೇಡ.

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಹೋದ ಗುರುವಾರ ಆಸ್ಪತ್ರೆ ಧಾರಾವಾಹಿಯ ಕೊನೆಯ ಕಂತು ಶುರುವಾಗುವ ಹೊತ್ತಿಗೆ ಸರಿಯಾಗಿ ಇಲ್ಲಿ ಕರೆಂಟು ಹೋಯಿತು. ಒಂದೂವರೆ ವರ್ಷದಿಂದ ಒಂದು ವಾರವೂ ಬಿಡದೆ ನೋಡಿದವಳು ನಾನು. ಡಾಕ್ಟರ್ ಮಾಲಿನಿಗೂ ಅವಳ ಗಂಡ ಡಾಕ್ಟರ್ ಸುಹಾಸನಿಗೂ ಕೂಸು ಹುಟ್ಟುವುದನ್ನು ನೋಡಬೇಕೆಂದು ಎಷ್ಟು ಕಾದಿದ್ದೆ! ಅವಳೂ ಬಸುರಿ, ನೀನೂ ಬಸುರಿ. ಅವಳಿಗೆ ಒಂಬತ್ತು, ನಿನಗೆ ಎಂಟು ಎಂದು ನಾವಿಬ್ಬರೂ ಬೆರಳು ಮಡಚಿದ್ದೆವಲ್ಲ. ಆ ಕರೆಂಟಿನವರಿಗೆ ನಾನು ಬೈದ ಬೈಗುಳ ಬರೆಯುವಂಥದ್ದಲ್ಲ. ಕೂಡ್ಲಿಗಿಯಲ್ಲಿ ಕರೆಂಟು ಇದ್ದಿರುತ್ತದೆ, ಕಥೆಯನ್ನೆಲ್ಲ ಬರೆದು ಕಳಿಸು ಎಂದು ಮರುದಿನವೇ ಕಂಡಕ್ಟರ್ ಮೌನೇಶನ ಬಾಯಲ್ಲಿ ಹೇಳಿಕಳಿಸಿದೆ. ನೀನು ಎರಡು ಪುಟ ತುಂಬಿಸಿ ಬರೆದೆ.

ನಿಮ್ಮಪ್ಪನನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಮಾಲಿನಿಗೆ ಹೊತ್ತಿಗೆ ಮುಂಚೆಯೇ ನೋವು ಬಂತೆಂದು ಬರೆದಿದ್ದೀಯ. ಗಂಡು ಕೂಸು. ಉಗುರು ಇನ್ನೂ ಪೂರ್ತಿ ಬಂದಿರಲಿಲ್ಲ. ಒಂದು ಕಿವಿಯ ತುದಿ ಒಳಗೆ ಮಡಚಿತ್ತು. ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು, ಪಕ್ಕದ ಕಿಂಡಿಯಿಂದ ತಾಯಿ ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದುಕೊಂಡಿತು, ನರ್ಸು ಬಿಡಿಸಲು ಬಂದರೂ ಬಿಡಲಿಲ್ಲ. ಮೂರನೇ ದಿನ ಗಂಡ ಹೆಂಡತಿ ಕೂಸನ್ನು ಎತ್ತಿಕೊಂಡು ಮನೆಗೆ ಹೋದರು. ಕಥೆಯನ್ನು ಅಷ್ಟಕ್ಕೆ ಮುಗಿಸಿದ್ದೀಯ.

ಕಿವಿಯ ಮಾತು ಬಂದಾಗ ನಿಮ್ಮಪ್ಪ ತನ್ನ ಮಡಚಿದ ಕಿವಿ ಮುಟ್ಟಿಕೊಂಡು, ಎಲಾ ಇವಳಾ, ನನ್ನ ಕಿವಿ ಟಿವಿಯಾಗ ಹೆಂಗ ಹೋತು ಅಂತೀನಿ ಎಂದು ನಕ್ಕರು. ನಾನೂ ನಕ್ಕೆ. ಇನ್ನೊಂದು ಸಲ ಓದು ಎಂದರು, ಓದಿದೆ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಇಷ್ಟೆಲ್ಲ ಹೇಗೆ ತೋರಿಸಿದರೋ ಎಂದು ಆಗಲೇ ಒಂದು ಸಣ್ಣ ಅನುಮಾನ ಬಂತು. ತುಂಬು ಒಂಬತ್ತಾಗಿದ್ದ ಮಾಲಿನಿಗೆ ಹೊತ್ತಿಗೆ ಮುಂಚೆ ನೋವು ಹೇಗೆ ಬಂದೀತು ಎಂಬುದು ಇನ್ನೊಂದು. ಬರೆಯುವವರಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡು ಸುಮ್ಮನಾದೆ.

ಮಧ್ಯಾಹ್ನ ಪಕ್ಕದ ಮನೆ ಭರಮಮ್ಮ ಬಂದಳು. ಗುರುವಾರ ಅವಳು ಹಗರಿಬೊಮ್ಮನಹಳ್ಳಿಯ ಮಗಳ ಮನೆಯಲ್ಲಿದ್ದಳಂತೆ, ಅಲ್ಲಿ ಕರೆಂಟು ಇತ್ತಂತೆ. ನಾನು ದೊಡ್ಡಸ್ತಿಕೆಯಿಂದ ನಿನ್ನ ಕಥೆ ಹೇಳಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಗಂಡಲ್ರಿ ಅಕ್ಕಾರ, ಹೆಣ್ಣು ಕೂಸು. ಬಿಳಿ ಟವೆಲಿನಾಗ ಸುತ್ತಿಬಿಟ್ಟಿದ್ರು, ಮುಖಾನ ತೋರಿಸ್ಲಿಲ್ಲ, ಬರೀ ಅಳಾದು ಕೇಳಿಸ್ತು ಎಂದಳು. ಗಾಜಿನ ಪೆಟ್ಟಿಗೆ ಇರಲೇ ಇಲ್ಲವಂತೆ. ನನ್ನ ಮಗಳು ಕಣ್ಣಾರೆ ನೋಡಿ ಬರೆದಿದ್ದಾಳೆ ಎಂದು ನಾನು ಜಗಳಕ್ಕೇ ನಿಂತೆ. ಹಂಗಾರ ನಿಮ್ಮ ಪುಷ್ಪಿ ಬ್ಯಾರೆ ಟಿವಿ ನೋಡ್ಯಾಳೇನ್ರಿ ಎಂದು ಮುಖ ಉಬ್ಬಿಸಿಕೊಂಡು ಎದ್ದು ಹೋದಳು.

ನಾನು ನಿನ್ನ ಕಾಗದ ಇಟ್ಟುಕೊಂಡು ಕೂತೆ. ಮುಖವನ್ನೇ ತೋರಿಸದ ಕೂಸಿನ ಕಿವಿ ನಿನಗೆ ಹೇಗೆ ಕಂಡಿತು? ಟಿವಿಯ ಕೂಸಿಗೆ ನಿಮ್ಮಪ್ಪನ ಕಿವಿ ಎಲ್ಲಿಂದ ಬಂತು?

ಆಮೇಲೆ ಹೂವಿನ ನೆನಪಾಯಿತು ಪುಷ್ಪಿ.

ಶನಿವಾರ ಮೌನೇಶ ಬಂದು, ನಿಮ್ಮ ಅಳಿಯ ಗವಿಸಿದ್ದೇಶಣ್ಣ ಅರ್ಧ ಸೇರು ಮಲ್ಲಿಗಿ ಕಳಸಾಕ ಹೇಳ್ಯಾರ್ರಿ, ಬಿಡಿ ಹೂವನ ಬೇಕಂತ, ಕಟ್ಟಬ್ಯಾಡ್ರಿ ಅಂದಾರ ಎಂದ. ಕಳಿಸಿದೆ. ನಿನ್ನೆಯೂ ಅಷ್ಟೇ. ಇವತ್ತು ಬೆಳಿಗ್ಗೆಯೂ ಅಷ್ಟೇ. ಬೀಗಿತ್ತಿ ಏನೋ ಪೂಜೆ ಹಿಡಿದಿದ್ದಾರೆ, ತವರಿಗೆ ಒಂದು ಮಾತು ಹೇಳುವ ಸೌಜನ್ಯವೂ ಇಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆದರೆ ದೇವರಿಗಾದರೆ ಮಾಲೆ ಕೇಳುತ್ತಾರೆ, ಮುಡಿಯಲಾದರೆ ದಂಡೆ ಕೇಳುತ್ತಾರೆ. ದಿನಾ ಅರ್ಧ ಸೇರು ಬಿಡಿ ಮಲ್ಲಿಗೆ ಯಾತಕ್ಕೆ ಎನ್ನುವುದು ಈ ಊರಿನ ಹೂ ಬಿಡಿಸುವ ಹೆಂಗಸರಿಗೆಲ್ಲ ಗೊತ್ತು. ಕುಡಿಯುವ ಕೂಸು ಇಲ್ಲದ ಎದೆಗೆ ಮಲ್ಲಿಗೆ ಇಟ್ಟು ಬಟ್ಟೆ ಕಟ್ಟುತ್ತಾರೆ, ಹಾಲು ಇಂಗಲಿ ಎಂದು. ಹೂವಿನವಳ ಹತ್ತಿರವೇ ಹೂವು ತರಿಸಿಕೊಂಡು ಅವಳಿಗೇ ಮುಚ್ಚಿಡುತ್ತೇನೆ ಅಂದುಕೊಂಡೆಯೇನೇ, ಹುಚ್ಚಿ? ಮೂರು ದಿನ ನನ್ನ ಕೈಯಾರೆ ಬಿಡಿಸಿ ಕಳಿಸಿದೆನಲ್ಲೇ. ಒಳ್ಳೆಯ ಹೂವು ಆರಿಸಿ ಆರಿಸಿ ಕಳಿಸಿದೆನಲ್ಲೇ.

ಗುರುವಾರ ನೀನು ಟಿವಿಯ ಮುಂದೆ ಇರಲಿಲ್ಲ. ಆಸ್ಪತ್ರೆಯಲ್ಲಿದ್ದೆ. ಹೌದೋ ಅಲ್ಲವೋ?

ಈ ಮೂರು ದಿನದಲ್ಲಿ ಗವಿಸಿದ್ದೇಶನ ಅಂಗಡಿಗೆ ಮೂರು ಸಲ ಫೋನು ಮಾಡಿದ್ದೆ. ಬೆಳಿಗ್ಗೆ ಕೇಳಿದರೆ ಮಲಗ್ಯಾಳ್ರಿ, ಸಂಜೆ ಕೇಳಿದರೂ ಮಲಗ್ಯಾಳ್ರಿ. ಮೂರನೇ ಸಲ ನಾನು ರೇಗಿದೆ. ಚೊಚ್ಚಲ ಬಾಣಂತನ ತವರಿನ ಹಕ್ಕು, ನನ್ನ ಮಗಳನ್ನು ಕಳಿಸದೆ ಏನು ಮಸಲತ್ತು ನಡೆಸಿದ್ದೀರಿ ಎಂದು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಅವನು ತಪ್ಪಾತ್ರಿ ಅತ್ತಿ ಎಂದಷ್ಟೇ ಹೇಳಿ ಫೋನು ಇಟ್ಟ. ಗಂಟಲು ಕಟ್ಟಿತ್ತು. ನೆಗಡಿ ಇರಬೇಕು ಎಂದುಕೊಂಡೆ. ಎಂಥಾ ಹೆಂಗಸೇ ನಾನು! ಇಷ್ಟೆಲ್ಲ ಅನುಮಾನ ಪಡುವವಳಿಗೆ, ಪಡಬೇಕಾದ ಒಂದು ಅನುಮಾನ ಬರಲಿಲ್ಲ. ಅವನಿಗೆ ಹೇಳು, ನಾನು ಆಡಿದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಬೇಡ, ನಾನೇ ಹೇಳುತ್ತೇನೆ.

ಯುಗಾದಿ ಕಳೆದ ಮೇಲೆ ಕರೆಯಲು ಬಾ ಅವ್ವ, ನನಗೆ ಡಾಕ್ಟರು ಬಸ್ಸಿನಲ್ಲಿ ಓಡಾಡಬೇಡ ಅಂದಿದ್ದಾರೆ ಎಂದು ಕೊನೆಗೆ ಬರೆದಿದ್ದೀಯ. ನನ್ನ ಬಿಪಿಗೆ ಹೆದರಿ ಬರೆದೆಯೋ, ಹೇಳಲು ಬಾಯಿ ಬರದೆ ಬರೆದೆಯೋ. ಮೊದಲು ಸಿಟ್ಟು ಬಂತು, ನಿಜ ಹೇಳುತ್ತೇನೆ. ಆಮೇಲೆ ನೀನು ಬರೆದ ಕಥೆಯ ಕೊನೆಯ ಸಾಲು ಮತ್ತೆ ಓದಿದೆ. ಮೂರನೇ ದಿನ ಗಂಡ ಹೆಂಡತಿ ಕೂಸನ್ನು ಎತ್ತಿಕೊಂಡು ಮನೆಗೆ ಹೋದರು. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ ಪುಷ್ಪಿ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ತನ್ನ ಕಿವಿ ಟಿವಿಯಲ್ಲಿ ಬಂದಿದೆ ಎಂದು ತೋಟದಲ್ಲಿ ಹೂ ಬಿಡಿಸುವವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಇವತ್ತೊಂದು ದಿನ ತಿರುಗಲಿ.

ಈ ಕಾಗದವನ್ನು ನಾಳೆ ಮೊದಲ ಬಸ್ಸಿಗೆ ಮೌನೇಶನ ಕೈಗೆ ಕೊಡುತ್ತೇನೆ. ನಾನು ಅದರ ಹಿಂದೆ ಬರುವ ಬಸ್ಸಿಗೆ ಹತ್ತುತ್ತೇನೆ. ಬೇಕೆಂದೇ ಹೀಗೆ ಮಾಡುತ್ತಿದ್ದೇನೆ. ಮುಖ ನೋಡಿದ ಕೂಡಲೇ ನೀನು ಇನ್ನೊಂದು ಕಥೆ ಕಟ್ಟಬಾರದು, ನಾನೂ ಏನೂ ಗೊತ್ತಿಲ್ಲದವಳ ಹಾಗೆ ಕೇಳಬಾರದು. ಬಾಗಿಲು ತೆಗೆದರೆ ಸಾಕು. ನೀನು ಏನೂ ಹೇಳುವುದು ಬೇಡ. ಖಾರದ ಪುಡಿ, ಅಳವಿ ಉಂಡೆ, ಹಳೆಯ ಸೀರೆ ಎಲ್ಲ ತರುತ್ತೇನೆ. ಹಡೆದ ಮೈ ಹಡೆದ ಮೈಯೇ. ಬಾಣಂತನ ನಾನು ಮಾಡಿಯೇ ಮಾಡುತ್ತೇನೆ, ಇಲ್ಲಿಗೆ ಬಂದರೆ ಇಲ್ಲಿ, ಇಲ್ಲದಿದ್ದರೆ ನಿನ್ನ ಅತ್ತೆಯ ಮನೆಯಲ್ಲೇ. ಯಾರು ಬೇಡ ಅನ್ನುತ್ತಾರೋ ನೋಡುತ್ತೇನೆ.

ನಾಳೆಯ ಹೂವು ಮೌನೇಶ ತರುವುದಿಲ್ಲ. ನಾನೇ ತರುತ್ತೇನೆ.

ಇಂತಿ ನಿನ್ನ ಅನುಮಾನದ ಅವ್ವ,
ಕೊಟ್ರಮ್ಮ

ತಾ.ಕ.: ಬಟ್ಟೆಯನ್ನು ಬಿಗಿದು ಕಟ್ಟಬೇಡ, ಗಂಟು ಕಟ್ಟಿ ಜ್ವರ ಬರುತ್ತದೆ. ಹೂವು ಬಾಡಿದ ಕೂಡಲೇ ತೆಗೆದುಬಿಡು. ನನಗೆ ಹೇಗೆ ಗೊತ್ತು ಎಂದು ನಿನಗೆ ಅನುಮಾನ ಬಂದರೆ, ಬರಲಿ. ಇಪ್ಪತ್ತೈದು ವರ್ಷ ಎಲ್ಲರ ಮುಂದೆ ನಿನ್ನನ್ನು ಚೊಚ್ಚಲ ಮಗಳು ಎನ್ನುತ್ತಾ ಬಂದೆ. ನೀನು ನನ್ನ ಎರಡನೆಯವಳು ಪುಷ್ಪಿ. ಮೊದಲನೆಯವನು ಒಂದು ದಿನ ಇದ್ದ. ಅವನಿಗೂ ಕಿವಿ ಮಡಚಿತ್ತು, ಎಡಗಿವಿ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ನಿನ್ನ ಮಗನದು ಯಾವ ಕಿವಿ ಎಂದು ನೀನು ಬರೆದಿಲ್ಲ. ನಾಳೆ ಅದೊಂದು ಹೇಳು.