ದಾರ ಕಟ್ಟಿದ ಕೊಂಬೆಗಳು

ಕನುಮಾ
ಜೂನ್ 20

ಪ್ರೀತಿಯ ಅಮ್ಮನಿಗೆ ಚಿಗುಸ ಮಾಡುವ ನಮಸ್ಕಾರಗಳು.

ಇಲ್ಲಿ ಮಳೆ ಹಿಡಿದಿದೆ. ಪುಟ್ಟ ಮಿನೋರಿಯ ಬಟ್ಟೆಗಳು ಒಳಗೇ ಹಗ್ಗದ ಮೇಲಿವೆ, ಮನೆಯೆಲ್ಲ ಹಾಲು ಕಕ್ಕಿದ ವಾಸನೆ. ನಿನ್ನ ಸೊಂಟ ಹೇಗಿದೆ? ನಡೆಯುವ ಅಭ್ಯಾಸ ಮಾಡಿಸುವ ದಾದಿಯ ಮೇಲೆ ರೇಗಬೇಡ.

ಹೆರಿಗೆಗೆ ಬಂದ ಮಗಳ ಬಾಣಂತನ ಮಾಡುವ ಬದಲು, ನೀನು ಮಗುವಿನ ಸ್ನಾನದ ನೀರು ತರುವಾಗ ಜಾರಿ ಬಿದ್ದು ಆಸ್ಪತ್ರೆ ಸೇರಿದೆ. ಆ ನೀರನ್ನು ನಾನು ತರಬಹುದಿತ್ತು ಎಂದು ದಿನಾ ಅಂದುಕೊಳ್ಳುತ್ತೇನೆ. ಆದರೆ ಈ ಪತ್ರ ಅದಕ್ಕಲ್ಲ.

ಕುಂಡದಲ್ಲಿರುವ ನಿನ್ನ ಸತ್ಸುಕಿ ಹೂಗಿಡವನ್ನು ನೀನು ಹೇಳಿದ ಹಾಗೆಯೇ ಕತ್ತರಿಸಿದ್ದೇನೆ ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು. ಕತ್ತರಿಸಿದ್ದು ನಿಜ. ನೀನು ಹೇಳಿದ ಹಾಗಲ್ಲ.

ಹೂ ಮುಗಿದ ಕೂಡಲೇ ಕತ್ತರಿಸಬೇಕು, ತಡವಾದರೆ ಬೇಸಿಗೆಯಲ್ಲಿ ಕೂರುವ ಮುಂದಿನ ವರ್ಷದ ಮೊಗ್ಗೂ ಹೋಗುತ್ತದೆ ಎಂದಿದ್ದೆ. ಅದು ನೆನಪಿತ್ತು. ಬಾಡಿದ ಹೂಗಳನ್ನೆಲ್ಲ ಬುಡದವರೆಗೆ ಚಿವುಟಿದೆ. ಆಮೇಲೆ ಕೊಂಬೆಗಳು. ಹೂ ಇದ್ದಾಗ ನೀನು ಕೆಲವಕ್ಕೆ ಕೆಂಪು ದಾರ ಕಟ್ಟಿದ್ದೆ. ಕಟ್ಟುವುದು ಉಳಿಸಿಕೊಳ್ಳುವುದಕ್ಕೆ ಎಂದುಕೊಂಡೆ; ಮಿನೋರಿಯ ಕಾಲಿಗೂ ಆಸ್ಪತ್ರೆಯಲ್ಲಿ ಹೆಸರಿನ ಪಟ್ಟಿ ಕಟ್ಟಿದ್ದರಲ್ಲ. ದಾರ ಇದ್ದವನ್ನು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿದೆ. ನಿದ್ದೆಯಿಲ್ಲದ ತಲೆ, ಅಮ್ಮ. ಮಗು ಉಸಿರಾಡುತ್ತಿದೆಯೇ ಎಂದು ನೋಡುವುದರಲ್ಲೇ ಬೆಳಗಾಗುತ್ತದೆ.

ನಿನ್ನೆ ಪಕ್ಕದ ಮನೆಯ ಇವಾಸೆಯಮ್ಮ ಬೇಯಿಸಿದ ಕುಂಬಳಕಾಯಿ ಹಿಡಿದುಕೊಂಡು ಬಂದರು. ಗಿಡ ನೋಡಿದವರೇ ಬಟ್ಟಲನ್ನು ನನ್ನ ಕೈಗೆ ತುರುಕಿದರು.

"ಯಾರೇ ಇದನ್ನ ಕತ್ತರಿಸಿದ್ದು?"

"ನಾನೇ. ದಾರ ಕಟ್ಟಿರೋದನ್ನ ಉಳಿಸಿದೀನಿ."

"ಅಯ್ಯೋ ಮಾರಾಯ್ತಿ! ದಾರ ಕಟ್ಟೋದು ತೆಗೆಯೋಕೆ ಕಣೇ! ಬರೀ ಕೆಂಪು ಹೂ ಬಿಡೋ ಕೊಂಬೆಗೆ ಸೊಕ್ಕು ಜಾಸ್ತಿ, ಬಿಟ್ರೆ ಇಡೀ ಗಿಡಾನೇ ನುಂಗುತ್ತೆ. ಹೂ ಹೋದ್ಮೇಲೆ ಯಾವುದು ಯಾವುದು ಅಂತ ಗೊತ್ತಾಗಲ್ಲ ಅಂತ ಗುರುತು ಮಾಡೋದು. ಬಿಳಿ ಹೂವಿನ ಮೇಲೆ ಕೆಂಪು ಗೆರೆ ಬೀಳೋ ಕೊಂಬೆಗಳನ್ನೆಲ್ಲ ಬೋಳಿಸಿದೀಯಲ್ಲ! ಕಾಲೇಜಲ್ಲಿ ಏನು ಓದಿದೆ ನೀನು?"

"ಅರ್ಥಶಾಸ್ತ್ರ."

"ಸರಿಹೋಯ್ತು!"

ಬೈದು ಮುಗಿದ ಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತರು. ಊರಿನ ಹೂವಿನ ಪ್ರದರ್ಶನದಲ್ಲಿ ಪ್ರತಿ ವರ್ಷ ನಿನ್ನ ಕುಂಡದ ಪಕ್ಕದಲ್ಲೇ ಅವರ ಕುಂಡ. "ಇನ್ನು ನಾನು ಯಾರ ಜೊತೆ ಪೈಪೋಟಿ ಮಾಡ್ಲಿ?" ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮಮ್ಮನಿಗೆ ಹೇಳ್ಬೇಡ. ಮುಂದಿನ ಪ್ರದರ್ಶನಕ್ಕೆ ಗಿಡದ ಪಕ್ಕ ನಿಂತ್ಕೋಬೇಕು ಅಂತಾನೇ ಅವಳು ಹಲ್ಲು ಕಚ್ಚಿ ನಡೀತಿರೋದು. ಆ ಆಸೆ ಕಿತ್ಕೊಂಡ್ರೆ ಮಂಚ ಬಿಟ್ಟು ಏಳಲ್ಲ," ಎಂದರು.

ನನಗೂ ಹೇಳದಿರುವುದೇ ಸುಲಭ ಅನ್ನಿಸಿತ್ತು. ಆದರೆ ಇನ್ನೊಂದು ಮಾತನ್ನೂ ಅವರೇ ಹೇಳಿದರು. ಉಳಿದ ಕೆಂಪು ಕೊಂಬೆಗಳನ್ನು ಈಗಲೇ ಬುಡಕ್ಕೆ ಕತ್ತರಿಸಿದರೆ ಹಳೇ ಕಾಂಡದಿಂದ ಹೊಸ ಚಿಗುರು ಬರುತ್ತದಂತೆ. ಅದರಲ್ಲಿ ಗೆರೆಯ ಹೂವು ಮರಳಬಹುದಂತೆ. ಮುಂದಿನ ವರ್ಷ ಮಾತ್ರ ಹೂವಿಲ್ಲ. ಬಿಟ್ಟರೆ ಮುಂದಿನ ವರ್ಷ ಗಿಡದ ತುಂಬ ಹೂವು, ಎಲ್ಲವೂ ಕೆಂಪು. ಆಮೇಲೆ ಮಾಡುವುದಕ್ಕೇನೂ ಉಳಿಯುವುದಿಲ್ಲ. ನೀನು ಅಷ್ಟು ಕಷ್ಟಪಟ್ಟು ನಡೆದು ಬಂದು, ಎಲ್ಲರೆದುರು ಆ ಕೆಂಪನ್ನು ನೋಡುವುದನ್ನು ನೆನೆಸಿಕೊಂಡೆ. ಮುಚ್ಚಿಡಲು ಆಗಲಿಲ್ಲ.

ಕತ್ತರಿಸಲೇ, ಅಮ್ಮ? ಈ ವಾರವೇ ಹೇಳು. ಬೈದು ಹೇಳಿದರೂ ಸರಿ. ನಿನ್ನ ಮಾತಿಲ್ಲದೆ ಇನ್ನೊಮ್ಮೆ ಕತ್ತರಿ ಮುಟ್ಟಲಾರೆ. ಏನೇ ಆದರೂ ನಡೆಯುವುದನ್ನು ಬಿಡಬೇಡ.

ನಿನ್ನ ಮಗಳು
ಚಿಗುಸ

ತಾ.ಕ.: ನಿದ್ದೆಗೆಟ್ಟದ್ದರ ಮೇಲೆ ಎಲ್ಲವನ್ನೂ ಹೊರಿಸಿದೆ. ಅದು ಪೂರ್ತಿ ನಿಜವಲ್ಲ. ಕೊನೆಗೆ ಕತ್ತರಿಸಲು ಒಂದೇ ಒಂದು ಕೊಂಬೆ ಉಳಿದಿದ್ದಾಗ ಕೈ ನಿಂತಿತ್ತು. ಹೂ ಬಿಟ್ಟಾಗ ನೀನು ಅದರ ಗೆರೆಯ ಹೂವನ್ನೇ ತೋರಿಸಿ "ಈ ಕೊಂಬೆಗೋಸ್ಕರವೇ ಈ ಗಿಡ" ಅಂದಿದ್ದು ನೆನಪಾಯಿತು. ಅದಕ್ಕೆ ದಾರ ಇರಲಿಲ್ಲ. ಎಲ್ಲವೂ ತಿರುವುಮುರುವಾಗಿದೆ ಎಂದು ಆಗಲೇ ತಿಳಿಯಿತು. ಆದರೆ ಅವತ್ತು ಬೆಳಿಗ್ಗೆ ಫೋನಿನಲ್ಲಿ ನೀನು ಗಿಡವನ್ನಷ್ಟೇ ವಿಚಾರಿಸಿದೆ. ಮಿನೋರಿಯನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಆ ಕೊಂಬೆಯನ್ನು ಗೊತ್ತಿದ್ದೇ ಕತ್ತರಿಸಿದೆ.